ಸೇವ್ ತೆರೆದೊಡನೆ ರೋವರ್ ಸಿಡಿಯುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ಬಾಹ್ಯಾಕಾಶ ಸಿಮ್ಯುಲೇಶನ್ ಗೇಮ್ ಒಂದರಲ್ಲಿ ಎರಡು ವಾರ ಕೂತು ಆರು ಚಕ್ರದ ರೋವರ್ ಕಟ್ಟಿದ್ದೆ. ಅದನ್ನು ಉಪಗ್ರಹವೊಂದರ ಇಳಿಜಾರಿನಲ್ಲಿ ನಿಲ್ಲಿಸಿ, ಬೇರೊಂದು ನೌಕೆಯ ಕೆಲಸ ಮುಗಿಸಿ ಮರಳಿದಾಗ, ಲೋಡ್ ಆದ ಕ್ಷಣದಲ್ಲೇ ಮೇಲಕ್ಕೆ ಚಿಮ್ಮಿ ಚೂರುಚೂರಾಯಿತು. ಹಳೆಯ ಸೇವ್‌ನಿಂದ (ಉಳಿಸಿಟ್ಟ ಆಟದಿಂದ) ನಾಲ್ಕು ಸಲ ಪ್ರಯತ್ನಿಸಿದರೆ ಮೂರು ಸಲ ಹೀಗೆಯೇ ಆಯಿತು. ತಪ್ಪು ನನ್ನ ವಿನ್ಯಾಸದಲ್ಲಿದೆಯೇ?

ಉತ್ತರ: ನಾನು ಗೇಮ್‌ಗಳ ಫಿಸಿಕ್ಸ್ ಭಾಗದ ಪ್ರೋಗ್ರಾಮರ್. ನಾಲ್ಕರಲ್ಲಿ ಒಂದು ಸಲ ರೋವರ್ ಉಳಿದದ್ದೇ ಮುಖ್ಯವಾದ ಸುಳಿವು. ವಿನ್ಯಾಸ ದುರ್ಬಲವಾಗಿದ್ದರೆ ಓಡಿಸುವಾಗಲೇ ಮುರಿಯುತ್ತಿತ್ತು.

ನೀವು ದೂರ ಹೋದಾಗ ಗೇಮ್ ರೋವರ್‌ನ ಲೆಕ್ಕವನ್ನು ನಿಲ್ಲಿಸಿ, ಅದರ ಸ್ಥಾನವನ್ನು ಬರೀ ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಮರಳಿದಾಗ ನೆಲದ ಮೇಲ್ಮೈ ತುಸು ಎತ್ತರಕ್ಕೆ ಮೂಡಿದರೂ ಚಕ್ರ ಅದರೊಳಗೆ ಹೂತಿರುತ್ತದೆ, ಮತ್ತು ಚಲನೆ, ಡಿಕ್ಕಿಗಳನ್ನು ಲೆಕ್ಕಹಾಕುವ ಗೇಮ್‌ನ ಭಾಗವಾದ ಫಿಸಿಕ್ಸ್ ಇಂಜಿನ್ ಅದನ್ನು ಹೊರದಬ್ಬಲೇಬೇಕು. ಲೆಕ್ಕದ ಒಂದು ಹೆಜ್ಜೆ 0.02 ಸೆಕೆಂಡಿನದು ಎಂದುಕೊಳ್ಳಿ. ಹತ್ತು ಸೆಂಟಿಮೀಟರ್ ಹೂತ ಚಕ್ರವನ್ನು ಒಂದೇ ಹೆಜ್ಜೆಯಲ್ಲಿ ಹೊರತರಲು ಸೆಕೆಂಡಿಗೆ 5 ಮೀಟರ್ ವೇಗ ಬೇಕು. ನಿಂತಿದ್ದ ಚಕ್ರಕ್ಕೆ ಅಷ್ಟು ವೇಗವನ್ನು ಅಷ್ಟೇ ಹೊತ್ತಿನಲ್ಲಿ ಕೊಡುವುದೆಂದರೆ ಭೂಮಿಯ ಗುರುತ್ವದ ಸುಮಾರು 25 ಪಟ್ಟು ವೇಗೋತ್ಕರ್ಷ. ಆ ಹೊಡೆತವನ್ನು ಯಾವ ಕೀಲು ತಡೆದೀತು?

ಇದಕ್ಕೆ ಅಂಕಿಗಳ ನಿಖರತೆಯ ಮಿತಿಯೂ ಸೇರುತ್ತದೆ. ಸ್ಥಾನಗಳನ್ನು ಬರೆದಿಡಲು ಬಳಸುವ 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ) ಸಂಖ್ಯೆ ಸುಮಾರು ಏಳು ಅಂಕಿಗಳನ್ನಷ್ಟೇ ನೆಚ್ಚಿಕೆಯಿಂದ ಹಿಡಿದಿಡಬಲ್ಲದು. ಸ್ಥಾನಗಳನ್ನು ಅಳೆಯತೊಡಗುವ ಮೂಲಬಿಂದುವಿನಿಂದ 600 ಕಿಲೋಮೀಟರ್ ದೂರದಲ್ಲಿ ಅಕ್ಕಪಕ್ಕದ ಎರಡು ಸ್ಥಾನಗಳ ನಡುವಿನ ಅಂತರವೇ 6.25 ಸೆಂಟಿಮೀಟರ್ ಆಗುವುದರಿಂದ, ಬಿಡಿಭಾಗಗಳು ಅಷ್ಟಷ್ಟೇ ಕುಪ್ಪಳಿಸಿ ಕೀಲುಗಳನ್ನು ಕೀಳುತ್ತವೆ. ಆದ್ದರಿಂದಲೇ ಮೂಲಬಿಂದುವನ್ನು ಸದಾ ಆಟಗಾರನ ವಾಹನದ ಬಳಿಗೆ ತರುವ ಉಪಾಯವನ್ನು ಅನೇಕ ಗೇಮ್‌ಗಳು ಅನುಸರಿಸುತ್ತವೆ. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಬಾಹ್ಯಾಕಾಶ ಗೇಮ್‌ನ ಆಟಗಾರರು ಇಂಥ ದೋಷಗಳಿಗೆಲ್ಲ ಕ್ರಾಕೆನ್ ಎಂಬ ಕಡಲ ದೈತ್ಯನ ಹೆಸರಿಟ್ಟಿದ್ದಾರೆ; ಕಾಣದ ಕೈಯೊಂದು ನೌಕೆಯನ್ನು ಹರಿದು ಹಾಕುವುದನ್ನು ನೋಡಿದವರಿಗೆ ಆ ಹೆಸರು ಒಪ್ಪುತ್ತದೆ.

ಪ್ರಶ್ನೆ: ಧನ್ಯವಾದಗಳು ಸರ್. ಹಾಗಾದರೆ ಭಾಗಗಳನ್ನು ಬಿಗಿಯುವ ಸ್ಟ್ರಟ್‌ಗಳನ್ನು (ಆಸರೆ ಕಂಬಿಗಳನ್ನು) ಹೆಚ್ಚಿಸಿದರೆ ಸಾಕೇ? ನೌಕೆ ನಡುಗತೊಡಗಿದಾಗ ಆಟದ ಕಾಲವನ್ನು ಬೇಗ ಓಡಿಸುವ ಟೈಮ್ ವಾರ್ಪ್ ಒತ್ತಿದರೆ ನಡುಕ ನಿಲ್ಲುವುದನ್ನೂ ಕಂಡಿದ್ದೇನೆ.

ಉತ್ತರ: ಕಕ್ಷೆಯಲ್ಲಿ ವಾರ್ಪ್ ಮಾಡುವಾಗ ಇಡೀ ನೌಕೆಯನ್ನು ಒಂದೇ ಬಿಂದುವೆಂದು ಎಣಿಸಿ ಮುಂದೆ ಸಾಗಿಸಲಾಗುತ್ತದೆ, ಕೀಲುಗಳ ಲೆಕ್ಕವೇ ನಡೆಯದ್ದರಿಂದ ನಡುಕ ಅಳಿಯುತ್ತದೆ. ಫಿಸಿಕ್ಸ್ ಚಾಲನೆಯಲ್ಲಿರುವಾಗಲೇ ಕಾಲವನ್ನು ವೇಗಗೊಳಿಸುವ ವಾರ್ಪ್ ಹಾಗಲ್ಲ. ಅದು ಲೆಕ್ಕದ ಹೆಜ್ಜೆಯನ್ನು ಹಿಗ್ಗಿಸಿ ನಡುಕವನ್ನು ಬೆಳೆಸುವುದುಂಟು, ನೆಲದ ಮೇಲಂತೂ ಅದನ್ನು ಬಳಸಬೇಡಿ.

ಸ್ಟ್ರಟ್‌ಗಳ ವಿಷಯದಲ್ಲಿ ಎಣಿಕೆಗಿಂತ ಜಾಗ ಮುಖ್ಯ. ಭಾರವಾದ ಟ್ಯಾಂಕ್ ಒಂದು ಹಗುರವಾದ ಬಿಡಿಭಾಗದಿಂದ ನೇತಾಡುವ ಕಡೆ ಫಿಸಿಕ್ಸ್ ಇಂಜಿನ್‌ನ ಲೆಕ್ಕ ಪ್ರತಿ ಹೆಜ್ಜೆಗೂ ಅರ್ಧಕ್ಕೇ ನಿಂತು, ಕೀಲು ರಬ್ಬರಿನಂತೆ ಎಳೆದಾಡುತ್ತದೆ. ಆ ಟ್ಯಾಂಕನ್ನು ಭಾರವಾದ ಇನ್ನೊಂದು ಭಾಗಕ್ಕೆ ನೇರವಾಗಿ ಬಿಗಿಯಿರಿ.

ಎಲ್ಲಕ್ಕಿಂತ ಮೊದಲು ಇದೇ ರೋವರ್ ಅನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಐದಾರು ಸಲ ಲೋಡ್ ಮಾಡಿ ನೋಡಿ. ಅಲ್ಲಿ ಅಲುಗದೆ ನಿಂತರೆ ದೋಷ ಇಳಿಜಾರಿನ ನೆಲದ್ದಿರಬೇಕು. ಅಲ್ಲಿಯೂ ಸಿಡಿದರೆ ಚಕ್ರವೋ ಸಸ್ಪೆನ್ಶನ್ನೋ ಒಡಲಿನೊಳಗೆ ತೂರಿಕೊಂಡಿರುವ ಜಾಗವನ್ನು ಹುಡುಕಿ, ಎರಡನ್ನೂ ತುಸು ಸರಿಸಿಡಿ.