ಪದ ಬೇಕು: ಟಿಯರ್‌ಡ್ರಾಪ್ ಟ್ರೇಲರ್‌ನ ಹಿಂಜ್‌ಗೆ ಏನನ್ನೋಣ?

> ಮನೆಯಲ್ಲೇ ಕಟ್ಟಿದ ಟಿಯರ್‌ಡ್ರಾಪ್ ಟ್ರೇಲರ್‌ನ (ಕಾರಿನ ಹಿಂದೆ ಎಳೆದೊಯ್ಯುವ, ಕಣ್ಣೀರ ಹನಿಯ ಆಕಾರದ ಮಲಗುವ ಬಂಡಿ) ಕೊನೆ ಹಂತದ ಕೆಲಸವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೂ ಬಡಿಗರಿಗೂ ಇದು ಮೊದಲ ಸಲ. ಹಿಂಜ್, ಟಂಗ್ (ಕಾರಿಗೆ ಸಿಕ್ಕಿಸುವ ಮುಂದಿನ ದಂಡ), ಹ್ಯಾಚ್ (ಹಿಂದಿನ ಎತ್ತುವ ಬಾಗಿಲು) ಮೂರಕ್ಕೂ ಪದ ಬೇಕು. ಚೀಟಿ ನಾಳೆ ಬೆಳಗ್ಗೆ ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪಿಗೆ ಹೋಗಬೇಕು.

ಹಿಂಜ್‌ಗೆ ಬಿಜಾಗರಿ. ಬೇರೆ ಹುಡುಕಬೇಡಿ. ಬೆಳಗಾವಿಯ ಬಡಿಗರ ಬಾಯಲ್ಲಿ ಇರುವ ಪದ ಅದೇ. ಪೋರ್ಚುಗೀಸಿನ ಬಿಸಾಗ್ರ ಮರಾಠಿಯಲ್ಲೂ ನಮ್ಮಲ್ಲೂ ಬಿಜಾಗರಿ ಆಯಿತು. ಚಾವಿಯೂ ಅದೇ ಭಾಷೆಯದು. ಅದನ್ನು ಯಾರೂ ವಾಪಸ್ ಕಳಿಸಿಲ್ಲ, ಅಲ್ವಾ?

> ತಿರುಗುಕೀಲು ಅನ್ನಿ. ಅಚ್ಚಗನ್ನಡ ಇರುವಾಗ ಪರಂಗಿ ಪದ ಯಾಕೆ?

ಒಪ್ಪುವುದಿಲ್ಲ. ಕೀಲು ಅಂದರೆ ಗಾಲಿ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿಯೂ ಹೌದು, ಮೊಣಕಾಲಿನ ಸಂದೂ ಹೌದು. ಅದೇ ಚೀಟಿಯಲ್ಲಿ ಅಚ್ಚು, ಗಾಲಿಯ ಮಾತೂ ಬರುತ್ತದೆ. ಬಡಿಗರು ಯಾವ ಕೀಲು ಅಂತ ತಿಳಿಯಬೇಕು?

ಇಲ್ಲಿ ಗೊಂದಲ ಆದರೆ ನಷ್ಟ ದೊಡ್ಡದು. ಇಂಥ ಟ್ರೇಲರ್‌ನಲ್ಲಿ ನೀರು ಇಳಿಯುವ ಮುಖ್ಯ ಜಾಗವೇ ಬಿಜಾಗರಿ. ಮುಂದೆ ಮಲಗುವ ಕೋಣೆ, ಹಿಂದೆ ಅಡುಗೆ ಕಟ್ಟೆ, ಅದರ ಮೇಲೆ ಎತ್ತುವ ಬಾಗಿಲು. ಆ ಬಾಗಿಲು ಚಾವಣಿಗೆ ಸೇರುವ ಗೆರೆ ಪೂರ್ತಿ ಅಗಲಕ್ಕೂ ಇರುತ್ತದೆ. ಅದಕ್ಕೇ ಅಮೆರಿಕದವರು ಹರಿಕೇನ್ ಹಿಂಜ್ ಬಳಸುತ್ತಾರೆ. ಒಂದು ಅಲ್ಯೂಮಿನಿಯಂ ಪಟ್ಟಿಯ ಮಡಿಕೆಯೊಳಗೆ ಇನ್ನೊಂದರ ಮಡಿಕೆ ಸರಿದು ಕೂರುತ್ತದೆ, ನಡುವೆ ಪಿನ್ ಇರುವುದಿಲ್ಲ. ಕೆಳಗೆ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕದೆ ಸುಮ್ನೆ ಸ್ಕ್ರೂ ಹೊಡೆದರೆ ಅಂಥ ಬಿಜಾಗರಿಯೂ ಕೆಲಸಕ್ಕೆ ಬಾರದು. ಸ್ಕ್ರೂ ತೂತಿನಿಂದ ಇಳಿದ ನೀರು ಪ್ಲೈವುಡ್ ಪದರದೊಳಗೆ ಹೋಗುತ್ತದೆ. ಬೆಳಗಾವಿಯ ಮಳೆ ಗೊತ್ತಲ್ಲ!

> ಹೀಗೆ ಬಿಟ್ಟರೆ ಪ್ಲೈವುಡ್, ಟೇಪ್ ಎಲ್ಲ ಹಾಗೇ ಉಳಿದುಬಿಡುತ್ತದೆ. ತೆಳುಹಲಗೆ ಅನ್ನಲು ಏನು ಕಷ್ಟ?

ಉಳಿಯಲಿ. ಅಂಗಡಿಗೆ ಹೋಗಿ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಪ್ಲೈವುಡ್ ಕೊಡಿ ಅಂದರೆ ಕುದಿಯುವ ನೀರಿಗೂ ಪದರ ಬಿಡದ ಮಾಲು ಸಿಗುತ್ತದೆ. ತೆಳುಹಲಗೆ ಕೇಳಿದರೆ ಐಎಸ್ 303ರ ಮಾಮೂಲಿ ಶೀಟು ಕಟ್ಟಿ ಕಳಿಸಬಹುದು. ಪದ ಕಟ್ಟುವುದಕ್ಕೆ ನನ್ನ ವಿರೋಧ ಇಲ್ಲ. ಮೊದಲ ಸಲ ಕೈ ಹಾಕಿದವರ ಚೀಟಿಯಲ್ಲಿ ಪ್ರಯೋಗ ಬೇಡ ಅಷ್ಟೇ.

ನಮ್ಮ ಪದ ಇರುವ ಕಡೆ ಮಾತ್ರ ಬಿಡಬೇಡಿ. ಟಂಗ್‌ಗೆ ನಿಮ್ಮ ಚೀಟಿಯಲ್ಲಿ ನಾಲಿಗೆ ಅಂತ ಬರೆದಿದ್ದೀರಿ, ಹೊಡೆದುಹಾಕಿ. ಅದು ಮೂಕಿ. ಎತ್ತಿನ ಗಾಡಿಯಲ್ಲಿ ನೊಗ ಕಟ್ಟುವ ಮರಕ್ಕೆ ಏನನ್ನುತ್ತೇವೋ ಅದೇ ಇದು, ಇಲ್ಲಿ ಕಾರಿಗೆ ಕಟ್ಟುತ್ತೀರಿ. ಮಾತಷ್ಟೇ ಅಲ್ಲ, ಲೆಕ್ಕವೂ ಅದೇ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15 ಮೂಕಿಯ ಮೇಲೆ ಬೀಳಬೇಕು, ಇಲ್ಲದಿದ್ದರೆ ವೇಗ ಹಿಡಿದಾಗ ಟ್ರೇಲರ್ ಹಿಂದೆ ಓಲಾಡುತ್ತದೆ. ಅಡುಗೆ ಕಟ್ಟೆ ಹಿಂದೆಯೇ ಇರುವುದರಿಂದ ನೀರಿನ ಟ್ಯಾಂಕ್ ಎಲ್ಲಿಡುತ್ತೀರಿ ಅನ್ನುವುದನ್ನೂ ಚೀಟಿಯಲ್ಲಿ ಹೇಳಿ.

ಹ್ಯಾಚ್‌ಗೆ ಡಿಕ್ಕಿ ಬಾಗಿಲು. ಸಾಕು.

> ಇಡೀ ವಾಹನಕ್ಕೆ ಕಂಬನಿಬಂಡಿ ಹೇಗೆ?

ಬೇಡ. ಹೊಸ ಬಂಡಿಯ ಮೇಲೆ ಕಣ್ಣೀರು ಯಾರು ಬರೆಸುತ್ತಾರೆ? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋಗುವ, ಮೇಲೆ ಕಮಾನು ಕಟ್ಟಿದ ಬಂಡಿಗೆ ಕೊಲ್ಲಾರಿ ಅನ್ನುತ್ತಾರಲ್ಲ, ಅದನ್ನೇ ಇಡಿ. ಒಳಗೆ ಮಲಗಬಹುದು, ಸಾಮಾನು ಇಡಬಹುದು, ಹೊರಗಿನ ಗೆರೆಯೂ ಬಾಗಿದೆ.

ಚೀಟಿಯ ಸಾಲು ಹೀಗಿರಲಿ: ‘ಡಿಕ್ಕಿ ಬಾಗಿಲ ಬಿಜಾಗರಿ ಕೂರಿಸುವ ಮೊದಲು ಪ್ಲೈವುಡ್ ಅಂಚಿಗೆ ಎಪಾಕ್ಸಿ ಹಚ್ಚಿ ಒಣಗಿಸಿ. ಪಟ್ಟಿಯ ಕೆಳಗೆ ಉದ್ದಕ್ಕೂ ಬ್ಯೂಟೈಲ್ ಟೇಪ್ ಹಾಕಿ, ಆಮೇಲೆ ಸ್ಕ್ರೂ ಹೊಡೆಯಿರಿ. ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ.’