ಕ್ಲಿಕ್ ಬರ್ತಿದೆ, ಫೋನ್ ಬರ್ತಿಲ್ಲ: ಸರ್ಚ್ ಜಾಹೀರಾತು ಮಾಡಿ ನೋಡಿದವರು ಹೇಳಿದ್ದು

ಪ್ರಶ್ನೆ:

ಲ್ಯಾಪ್‌ಟಾಪ್ ರಿಪೇರಿ, ಡೇಟಾ ರಿಕವರಿ ನಮ್ಮ ಕೆಲಸ. ಗೂಗಲ್ ಆಡ್ಸ್‌ನಲ್ಲಿ ಒಂದು ಸರ್ಚ್ ಕ್ಯಾಂಪೇನ್ ನಡೆಸುತ್ತಿದ್ದೇನೆ, ಅಂದರೆ ಜನ ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ಜಾಹೀರಾತು. ಕ್ಲಿಕ್ ಚೆನ್ನಾಗಿಯೇ ಬರುತ್ತಿದೆ, ದಿನದ ಬಜೆಟ್ ಸಂಜೆಯೊಳಗೆ ಖಾಲಿ. ಫೋನ್ ಬರುವುದು ಮಾತ್ರ ಅಪರೂಪ. ಬಿಡ್ (ಒಂದು ಕ್ಲಿಕ್‌ಗೆ ಕೊಡಲು ಒಪ್ಪುವ ದುಡ್ಡು) ಜಾಸ್ತಿ ಮಾಡಿ ಮೇಲಿನ ಜಾಗ ಹಿಡಿಯಬೇಕಾ? ಇನ್ನಷ್ಟು ಕೀವರ್ಡ್ ಸೇರಿಸಬೇಕಾ? ಇಲ್ಲ, ಇದನ್ನೆಲ್ಲ ಬಿಟ್ಟೇಬಿಡಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೇರೆಯವರ ಕ್ಯಾಂಪೇನ್ ನೋಡಿಕೊಳ್ಳುವ ಕೆಲಸದವರು:

ಬಿಡ್ ಸದ್ಯಕ್ಕೆ ಮುಟ್ಟಬೇಡಿ ಸರ್. ಕ್ಲಿಕ್ ಬಂದು ಕರೆ ಬರುತ್ತಿಲ್ಲ ಅಂದರೆ ಸಂಬಂಧವಿಲ್ಲದ ಜನ ಒಳಗೆ ಬರುತ್ತಿದ್ದಾರೆ, ಇಲ್ಲವೇ ಬೇಕಾದ ಜನವೇ ಬಂದು ನಿಮ್ಮ ಪೇಜ್ ನೋಡಿ ವಾಪಸ್ ಹೋಗುತ್ತಿದ್ದಾರೆ. ಎರಡಕ್ಕೂ ಮೇಲಿನ ಜಾಗ ಮದ್ದಲ್ಲ. ಸಂಬಂಧವಿಲ್ಲದವರು ಬರುತ್ತಿದ್ದರೆ, ಮೇಲೆ ಹೋದಷ್ಟೂ ಅವರೇ ಜಾಸ್ತಿ ಬರುತ್ತಾರೆ. ಈಗ ಸಂಜೆಗೆ ಖಾಲಿಯಾಗುವ ದುಡ್ಡು ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ, ಅಷ್ಟೇ.

ಮೊದಲು ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆಯಿರಿ. ಕೀವರ್ಡ್ ಅನ್ನುವುದು ನೀವು ಹಾಕಿದ್ದು. ಸರ್ಚ್ ಟರ್ಮ್ ಅನ್ನುವುದು ಜನ ನಿಜವಾಗಿ ಟೈಪ್ ಮಾಡಿದ್ದು. ದುಡ್ಡು ಸೋರುವ ಜಾಗ ಕಾಣುವುದು ಎರಡನೆಯದರಲ್ಲಿ. ನೀವು ‘ಡೇಟಾ ರಿಕವರಿ’ ಅಂತ ಸುಮ್ನೆ ಹಾಗೇ ಹಾಕಿದ್ದರೆ ಅದು ಬ್ರಾಡ್ ಮ್ಯಾಚ್, ಅದಕ್ಕೆ ಸಂಬಂಧಪಟ್ಟ ಯಾವ ಹುಡುಕಾಟಕ್ಕೂ ಜಾಹೀರಾತು ಹೋಗಬಹುದು. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಫ್ರೇಸ್ ಮ್ಯಾಚ್ (ಆ ಅರ್ಥ ಒಳಗಿರುವ ಹುಡುಕಾಟ), ಚೌಕ ಆವರಣದಲ್ಲಿ ಹಾಕಿದರೆ ಎಕ್ಸಾಕ್ಟ್ ಮ್ಯಾಚ್ (ಅದೇ ಅರ್ಥದ ಹುಡುಕಾಟ ಮಾತ್ರ). ಬ್ರಾಡ್‌ನಲ್ಲಿದ್ದರೆ ರಿಪೋರ್ಟ್‌ನಲ್ಲಿ ಇಂಥವು ಸಿಗುವ ಸಾಧ್ಯತೆ ಜಾಸ್ತಿ:

ಡೇಟಾ ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್
ಡಿಲೀಟ್ ಆದ ಫೋಟೋ ವಾಪಸ್ ಪಡೆಯುವುದು ಹೇಗೆ
ಲ್ಯಾಪ್‌ಟಾಪ್ ರಿಪೇರಿ ಕೋರ್ಸ್
ಲ್ಯಾಪ್‌ಟಾಪ್ ವೈಫೈ ಡ್ರೈವರ್
ಹಾರ್ಡ್ ಡಿಸ್ಕ್ ಶಬ್ದ ಮಾಡುತ್ತಿದೆ
ಲ್ಯಾಪ್‌ಟಾಪ್ ಸ್ಕ್ರೀನ್ ಬದಲಿಸಲು ಎಷ್ಟಾಗುತ್ತೆ

ಮೊದಲ ನಾಲ್ವರು ನಿಮಗೆ ಫೋನ್ ಮಾಡುವವರಲ್ಲ. ಒಬ್ಬರಿಗೆ ಸಾಫ್ಟ್‌ವೇರ್ ಬೇಕು, ಅದೂ ಪುಕ್ಕಟೆ. ಇನ್ನೊಬ್ಬರು ತಾವೇ ಮಾಡಿಕೊಳ್ಳುವವರು. ಮೂರನೆಯವರು ಮುಂದೆ ನಿಮಗೇ ಪೈಪೋಟಿ ಕೊಡಬಹುದು! ಐದನೆಯದನ್ನು ನೋಡಿ. ಅದರಲ್ಲಿ ‘ರಿಕವರಿ’ಯೂ ಇಲ್ಲ, ‘ರಿಪೇರಿ’ಯೂ ಇಲ್ಲ. ಆದರೆ ಡಿಸ್ಕ್ ಕಟಕಟ ಅನ್ನುತ್ತಿರುವ ಆ ಮನುಷ್ಯ ಗಾಬರಿಯಲ್ಲಿದ್ದಾನೆ, ಈಗಲೇ ಯಾರಾದರೂ ಬೇಕು ಅವನಿಗೆ. ಅಂಥದ್ದು ಸಿಕ್ಕಿದರೆ ಎತ್ತಿ ಹೊಸ ಕೀವರ್ಡ್ ಮಾಡಿ. ಇನ್ನಷ್ಟು ಕೀವರ್ಡ್ ಸೇರಿಸಬೇಕಾ ಅನ್ನುವ ನಿಮ್ಮ ಎರಡನೇ ಪ್ರಶ್ನೆಗೂ ಇದೇ ಉತ್ತರ. ತಲೆಯಿಂದ ಹುಟ್ಟಿಸುವುದಕ್ಕಿಂತ ಈ ಪಟ್ಟಿಯಿಂದ ಆರಿಸುವುದು ಎಷ್ಟೋ ವಾಸಿ.

ಬೇಡದ್ದನ್ನು ನೆಗೆಟಿವ್ ಕೀವರ್ಡ್ ಮಾಡಬೇಕು, ಅಂದರೆ ಆ ಮಾತಿರುವ ಹುಡುಕಾಟಕ್ಕೆ ಜಾಹೀರಾತು ತೋರಿಸಬೇಡ ಅನ್ನಬೇಕು. ಇಲ್ಲಿ ಅವಸರ ಬೇಡ. ‘ಬೆಲೆ’, ‘ಎಷ್ಟಾಗುತ್ತೆ’ ಅನ್ನುವ ಮಾತನ್ನು ಕಂಡವರು ‘ಇವರು ಬರೀ ವಿಚಾರಿಸುವವರು’ ಅಂತ ನೆಗೆಟಿವ್‌ಗೆ ಹಾಕಿಬಿಡುತ್ತಾರೆ. ಸ್ಕ್ರೀನ್ ಬದಲಿಸಲು ಎಷ್ಟಾಗುತ್ತೆ ಅಂತ ಕೇಳುವವನ ಸ್ಕ್ರೀನ್ ಒಡೆದಿದೆ ಸ್ವಾಮಿ, ಅವನೇ ನಿಮ್ಮ ಗಿರಾಕಿ! ಹಾಗೇ ‘ಫ್ರೀ’ ಒಂದನ್ನೇ ನೆಗೆಟಿವ್ ಮಾಡಿದರೆ ‘ಫ್ರೀ ಚೆಕಪ್’ ಹುಡುಕುವವರೂ ಹೋಗುತ್ತಾರೆ. ನೀವು ತಪಾಸಣೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲವಾದರೆ ಅವರು ನಿಮಗೆ ಬೇಕಾದವರು.

ಇನ್ನೊಂದು ವಿಷಯ. ನೆಗೆಟಿವ್ ಕೀವರ್ಡ್‌ಗೆ ಬುದ್ಧಿ ಕಡಿಮೆ. ಮಾಮೂಲಿ ಕೀವರ್ಡ್ ಅದೇ ಅರ್ಥದ ಬೇರೆ ಮಾತಿಗೂ ಹೊಂದಿಕೊಳ್ಳುತ್ತದೆ. 2018ರಿಂದ ಎಕ್ಸಾಕ್ಟ್ ಮ್ಯಾಚ್ ಕೂಡ ಹಾಗೇ. ನೆಗೆಟಿವ್ ಹಾಗಲ್ಲ. ‘ಕೋರ್ಸ್’ ತಡೆದರೆ ‘ಟ್ರೈನಿಂಗ್’ ಒಳಗೆ ಬರುತ್ತದೆ, ‘ಕ್ಲಾಸ್’ ಬರುತ್ತದೆ. ಏಕವಚನ, ಬಹುವಚನ ಎರಡನ್ನೂ ಬೇರೆ ಬೇರೆ ಹಾಕಬೇಕು. ಈ ರಿಪೋರ್ಟ್ ಪೂರ್ತಿಯೂ ಅಲ್ಲ. ತುಂಬಾ ಕಡಿಮೆ ಜನ ಹುಡುಕಿದ ಮಾತುಗಳನ್ನು 2020ರ ಸೆಪ್ಟೆಂಬರ್‌ನಿಂದ ಗೂಗಲ್ ತೋರಿಸುತ್ತಿಲ್ಲ, ಅವಕ್ಕಾದ ಖರ್ಚನ್ನು ಒಟ್ಟಾಗಿ ಕೆಳಗೆ ತೋರಿಸುತ್ತದೆ. ಆ ಮೊತ್ತ ದೊಡ್ಡದಿದ್ದರೆ ನಿಮ್ಮ ಬ್ರಾಡ್ ಮ್ಯಾಚ್ ಜಾಸ್ತಿಯೇ ಅಗಲವಾಗಿದೆ ಅಂತ ಅನುಮಾನ ಪಡಿ.

ಸೆಟ್ಟಿಂಗ್ಸ್‌ನಲ್ಲಿ ಎರಡು ಕಡೆ ಕಣ್ಣಾಡಿಸಿ. ಸರ್ಚ್ ಕ್ಯಾಂಪೇನ್ ಅಂತಲೇ ಮಾಡಿದ್ದರೂ ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಾಹೀರಾತು), ಸರ್ಚ್ ಪಾರ್ಟ್ನರ್ಸ್ (ಗೂಗಲ್ ಜೊತೆ ಸೇರಿದ ಬೇರೆ ಸರ್ಚ್ ಸೈಟ್‌ಗಳು) ಎರಡಕ್ಕೂ ಸಾಮಾನ್ಯವಾಗಿ ತಾನಾಗಿಯೇ ಟಿಕ್ ಬಿದ್ದಿರುತ್ತದೆ. ಡಿಸ್‌ಪ್ಲೇ ತೆಗೆಯಿರಿ. ಲೊಕೇಶನ್‌ನಲ್ಲಿ ‘ಈ ಜಾಗದಲ್ಲಿ ಇರುವವರು ಅಥವಾ ಇದರಲ್ಲಿ ಆಸಕ್ತಿ ತೋರಿದವರು’ ಅನ್ನುವುದೇ ತಾನಾಗಿ ಬಂದಿರುತ್ತದೆ. ಜನ ಲ್ಯಾಪ್‌ಟಾಪ್ ಹಿಡಿದು ನಿಮ್ಮ ಹತ್ತಿರ ಬರಬೇಕು ಅಂದಮೇಲೆ ಎಲ್ಲೋ ದೂರದಲ್ಲಿರುವ ಆಸಕ್ತರನ್ನು ಕಟ್ಟಿಕೊಂಡು ಏನು ಮಾಡುತ್ತೀರಿ? ಅಲ್ಲೇ ಇರುವವರಿಗೆ ಮಾತ್ರ ಅಂತ ಬದಲಿಸಿ.

ಸ್ವಂತ ವ್ಯಾಪಾರದ ಜಾಹೀರಾತು ತಾವೇ ನೋಡಿಕೊಳ್ಳುವವರು:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಾನು ಅದಕ್ಕೂ ಮೊದಲು ಒಂದು ಕೇಳುತ್ತೇನೆ: ನೀವು ಕನ್ವರ್ಶನ್ (ಕ್ಲಿಕ್ ಮಾಡಿದವರು ನಿಮಗೆ ಬೇಕಾದ ಕೆಲಸ ಮಾಡಿದ್ದು) ಅಂತ ಯಾವುದನ್ನು ಎಣಿಸುತ್ತಿದ್ದೀರಿ?

‘ಕಾಂಟ್ಯಾಕ್ಟ್’ ಪೇಜ್ ತೆರೆದರೆ ಸಾಕು, ಒಂದು ಕನ್ವರ್ಶನ್ ಅಂತ ಇಟ್ಟಿರುವ ಅಕೌಂಟ್‌ಗಳು ಬೇಕಾದಷ್ಟಿವೆ. ಹಾಗಿದ್ದರೆ ರಿಪೋರ್ಟ್ ನಗುನಗುತ್ತಾ ಇರುತ್ತದೆ, ಗಲ್ಲಾಪೆಟ್ಟಿಗೆ ಖಾಲಿ. ಆಟೋಮ್ಯಾಟಿಕ್ ಬಿಡ್ಡಿಂಗ್ (ಬಿಡ್ ಎಷ್ಟು ಅಂತ ಗೂಗಲ್ ತಾನೇ ನಿರ್ಧರಿಸುವುದು) ಬೇರೆ ಇದ್ದರೆ ಕತೆ ಇನ್ನೂ ಕೆಡುತ್ತದೆ. ಯಾಕೆಂದರೆ ಆ ಯಂತ್ರ ನೀವು ಹೇಳಿಕೊಟ್ಟದ್ದನ್ನೇ ಹುಡುಕುತ್ತದೆ. ಪೇಜ್ ತೆರೆಯುವವರನ್ನು ಕೇಳಿದಿರಿ, ಅವರನ್ನೇ ತಂದು ಸುರಿಯುತ್ತದೆ. ಫೋನ್ ಕರೆ ಮತ್ತು ಭರ್ತಿ ಮಾಡಿ ಕಳಿಸಿದ ಫಾರ್ಮ್, ಇವೆರಡನ್ನು ಮಾತ್ರ ಪ್ರೈಮರಿ ಮಾಡಿ. ಉಳಿದದ್ದು ಸೆಕೆಂಡರಿಯಲ್ಲಿ ಇರಲಿ, ಅದು ನೋಡುವುದಕ್ಕೆ ಮಾತ್ರ. ಕರೆಗೆ ಕನಿಷ್ಠ ಇಷ್ಟು ಸೆಕೆಂಡ್ ಅಂತ ಮಿತಿ ಹಾಕಬಹುದು. ರಾಂಗ್ ನಂಬರ್, ಎತ್ತಿ ಇಟ್ಟ ಕರೆ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಎಣಿಕೆಯನ್ನು ‘ಒಂದು’ ಅಂತ ಇಡಿ. ಒಬ್ಬನೇ ಮೂರು ಸಲ ಫಾರ್ಮ್ ಕಳಿಸಿದರೆ ಮೂವರು ಗಿರಾಕಿಗಳಾಗುವುದಿಲ್ಲ ಅಲ್ವಾ?

ಇದಾದ ಮೇಲೆ ಲೆಕ್ಕ. ನೂರು ಕ್ಲಿಕ್‌ಗೆ ಐದು ಕರೆ ಬಂದು, ಐದರಲ್ಲಿ ಎರಡು ಕೆಲಸ ಆಯಿತು ಅಂದುಕೊಳ್ಳಿ. ಅಂದರೆ ಐವತ್ತು ಕ್ಲಿಕ್‌ಗೆ ಒಂದು ಕೆಲಸ. ಒಂದು ಕೆಲಸದಲ್ಲಿ ಖರ್ಚೆಲ್ಲ ಕಳೆದು ಕೈಗೆ ಉಳಿಯುವುದನ್ನು ಐವತ್ತರಿಂದ ಭಾಗಿಸಿ. ಒಂದು ಕ್ಲಿಕ್‌ಗೆ ಅದಕ್ಕಿಂತ ಜಾಸ್ತಿ ಕೊಟ್ಟರೆ ನಷ್ಟ. ಅಷ್ಟೇ ಕೊಟ್ಟರೆ ಪುಕ್ಕಟೆ ಚಾಕರಿ. ಇದನ್ನು ಡೇಟಾ ರಿಕವರಿಗೆ ಒಂದು ಸಲ, ಸಾಧಾರಣ ರಿಪೇರಿಗೆ ಒಂದು ಸಲ ಬೇರೆ ಬೇರೆ ಮಾಡಿ. ಎರಡೂ ಒಂದೇ ಕ್ಯಾಂಪೇನ್‌ನಲ್ಲಿ, ಒಂದೇ ಬಜೆಟ್‌ನಲ್ಲಿ ಇದ್ದರೆ ಸುಲಭವಾಗಿ ಕ್ಲಿಕ್ ತರುವುದು ದುಡ್ಡನ್ನೆಲ್ಲ ತಿಂದುಹಾಕುತ್ತದೆ, ಲಾಭ ತರುವುದಕ್ಕೆ ಏನೂ ಉಳಿಯುವುದಿಲ್ಲ.

ಇನ್ನು ಫೋನ್ ಎತ್ತುವವರು ಇಲ್ಲದ ಹೊತ್ತಿನಲ್ಲಿ ಜಾಹೀರಾತು ಓಡುತ್ತಿದೆಯಾ ನೋಡಿ. ನೀವು ವೇಳೆ ಹಾಕದಿದ್ದರೆ ಅದು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ. ಲ್ಯಾಪ್‌ಟಾಪ್ ಕೈಕೊಟ್ಟವನು ನಾಳೆವರೆಗೆ ಕಾಯುವುದಿಲ್ಲ, ಪಕ್ಕದ ಜಾಹೀರಾತಿನ ನಂಬರ್‌ಗೆ ಫೋನ್ ಹಚ್ಚುತ್ತಾನೆ.

ಆಟೋಮ್ಯಾಟಿಕ್ ಬಿಡ್ಡಿಂಗ್ ಪರ ಇರುವವರೊಬ್ಬರು:

ಬ್ರಾಡ್ ಮ್ಯಾಚ್‌ನ ಮೇಲೆ ಎಲ್ಲರಿಗೂ ಸಿಟ್ಟು ಯಾಕೋ. ನನ್ನ ಅನುಭವ ಬೇರೆ. ಕನ್ವರ್ಶನ್ ಎಣಿಕೆ ನೆಟ್ಟಗಿದ್ದು, ತಿಂಗಳಿಗೆ ಸಾಕಷ್ಟು ಬರುತ್ತಿದ್ದರೆ ಬ್ರಾಡ್ ಮ್ಯಾಚ್ ಜೊತೆ ಟಾರ್ಗೆಟ್ ಸಿಪಿಎ (ಒಂದು ಕನ್ವರ್ಶನ್‌ಗೆ ಸರಾಸರಿ ಇಷ್ಟು ಖರ್ಚು ಅನ್ನುವ ಗುರಿ) ಹಾಕಿದಾಗ ನಾವು ಊಹಿಸದ ಹುಡುಕಾಟಗಳಿಂದ ಗಿರಾಕಿ ಬರುತ್ತಾರೆ. ಈ ಕೆಲಸದಲ್ಲಿರುವವರು ಸಾಮಾನ್ಯವಾಗಿ 30 ದಿನಕ್ಕೆ 30 ಕನ್ವರ್ಶನ್ ಆದರೂ ಇರಲಿ ಅನ್ನುತ್ತಾರೆ. ನೀವು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅನ್ನಿಸುತ್ತದೆ, ಹಾಗಾಗಿ ಸದ್ಯಕ್ಕೆ ಫ್ರೇಸ್, ಎಕ್ಸಾಕ್ಟ್ ಸಾಕು. ಆಮೇಲೆ ಬನ್ನಿ ಬ್ರಾಡ್‌ಗೆ.

ಒಂದು ಎಚ್ಚರ: ‘ಮ್ಯಾಕ್ಸಿಮೈಸ್ ಕನ್ವರ್ಶನ್ಸ್’ ಅನ್ನುವ ಆಟೋಮ್ಯಾಟಿಕ್ ಬಿಡ್ಡಿಂಗ್‌ಗೆ ಅಂಥ ಟಾರ್ಗೆಟ್ ಕೊಡದೆ ಬಿಟ್ಟರೆ ಅದು ಇದ್ದ ಬಜೆಟ್ ಪೂರ್ತಿ ಮುಗಿಸಲು ನೋಡುತ್ತದೆ, ಒಂದೊಂದು ಕರೆಗೆ ಎಷ್ಟು ಬಿದ್ದರೂ ಅದಕ್ಕೆ ಚಿಂತೆಯಿಲ್ಲ. ದಿನದ ಬಜೆಟ್ ಅನ್ನುವುದೂ ಸರಾಸರಿ ಮಾತ್ರ. ಒಂದು ದಿನ ಅದರ ಎರಡರಷ್ಟು ಖರ್ಚಾಗಬಹುದು, ಆದರೆ ತಿಂಗಳಿಗೆ ಅದರ 30.4 ಪಟ್ಟು ಮೀರುವುದಿಲ್ಲ. ಬದಲಾವಣೆ ಮಾಡಿದ ಮೇಲೆ ದಿನಾ ಬೆಳಿಗ್ಗೆ ಎದ್ದು ಕೈಯಾಡಿಸಬೇಡಿ, ಅದು ಕಲಿಯುವುದಕ್ಕೆ ಬಿಡಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ತೆಗೆದು ನೋಡಿದೆ. ‘ಸಾಫ್ಟ್‌ವೇರ್’, ‘ಡೌನ್‌ಲೋಡ್’ ಇರುವ ಹುಡುಕಾಟಗಳೇ ಖರ್ಚಿನ ದೊಡ್ಡ ಪಾಲು ತಿಂದಿವೆ. ಎರಡನ್ನೂ ನೆಗೆಟಿವ್ ಮಾಡಿದೆ. ಇನ್ನೊಂದು ಸಂದೇಹ: ಮುಖ್ಯ ಕೀವರ್ಡ್‌ನ ಕ್ವಾಲಿಟಿ ಸ್ಕೋರ್ 4 ಇದೆ. ಇದನ್ನು 10 ಮಾಡಲೇಬೇಕಾ? ಆಪ್ಟಿಮೈಸೇಶನ್ ಸ್ಕೋರ್ ಬೇರೆ ಕೆಂಪಗೆ ಕಣ್ಣು ಬಿಡುತ್ತಿದೆ.

ಮೊದಲು ಉತ್ತರಿಸಿದವರು:

ಆಪ್ಟಿಮೈಸೇಶನ್ ಸ್ಕೋರ್ ಮರೆತುಬಿಡಿ. ಗೂಗಲ್ ಕೊಟ್ಟ ಸಲಹೆಗಳನ್ನು ಎಷ್ಟರಮಟ್ಟಿಗೆ ಒಪ್ಪಿದಿರಿ ಅಥವಾ ಬೇಡ ಅಂದಿರಿ ಅನ್ನುವುದರ ಲೆಕ್ಕ ಅದು. ಸಲಹೆಯನ್ನು ಬೇಡ ಅಂತ ತಳ್ಳಿದರೂ ಆ ಸ್ಕೋರ್ ಏರುತ್ತದೆ! ಯಾರ ಜಾಹೀರಾತು ಎಲ್ಲಿ ಅಂತ ತೀರ್ಮಾನಿಸುವ ಹರಾಜಿಗೂ ಅದಕ್ಕೂ ಸಂಬಂಧವಿಲ್ಲ. ಸಲಹೆಗಳು ತಾವಾಗಿಯೇ ಜಾರಿಯಾಗುವ ಆಯ್ಕೆ ಆನ್ ಆಗಿದೆಯಾ ಅಂತ ಮಾತ್ರ ನೋಡಿ, ಆನ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ನೀವು ಹಾಕದ ಕೀವರ್ಡ್ ಒಂದು ದಿನ ಪಟ್ಟಿಯಲ್ಲಿ ಕೂತಿರುತ್ತದೆ.

ಕ್ವಾಲಿಟಿ ಸ್ಕೋರ್ ಬೇರೆ ವಿಷಯ. 1ರಿಂದ 10ರ ಆ ಅಂಕಿಯೂ ನೇರವಾಗಿ ಹರಾಜಿಗೆ ಹೋಗುವುದಿಲ್ಲ, ಆದರೆ ಅದರ ಹಿಂದಿರುವ ಮೂರು ಸಂಗತಿಗಳು ಮುಖ್ಯ: ಕ್ಲಿಕ್ ಆಗುವ ಸಂಭವ, ಹುಡುಕಿದ್ದಕ್ಕೂ ಜಾಹೀರಾತಿಗೂ ಇರುವ ಸಂಬಂಧ, ಲ್ಯಾಂಡಿಂಗ್ ಪೇಜ್‌ನ (ಕ್ಲಿಕ್ ಮಾಡಿದವರು ಬಂದಿಳಿಯುವ ಪೇಜ್) ಅನುಭವ. ಮೂರಕ್ಕೂ ಸರಾಸರಿಗಿಂತ ಮೇಲೆ, ಸರಾಸರಿ, ಸರಾಸರಿಗಿಂತ ಕೆಳಗೆ ಅಂತ ಬೇರೆ ಬೇರೆ ತೋರಿಸುತ್ತದೆ. ಆ ಕಾಲಂಗಳನ್ನು ತೆರೆದಿಟ್ಟುಕೊಳ್ಳಿ. 4 ಅನ್ನುವ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಯಾವುದು ‘ಕೆಳಗೆ’ ಇದೆ ಅನ್ನುವುದರಿಂದ ಎಲ್ಲ ತಿಳಿಯುತ್ತದೆ.

ಬಿಡ್ ಏರಿಸಿ ಮೇಲೆ ಹೋಗಬೇಕಾ ಅಂತ ಕೇಳಿದ್ದಿರಲ್ಲ. 1998ರಲ್ಲಿ ಗೋಟು ಡಾಟ್ ಕಾಮ್ ಅನ್ನುವ ಸರ್ಚ್ ಸೈಟ್ ಕ್ಲಿಕ್‌ಗಿಷ್ಟು ಅಂತ ಹರಾಜು ಶುರುಮಾಡಿದಾಗ ಹಾಗೇ ಇತ್ತು, ಜಾಸ್ತಿ ಕೂಗಿದವನು ಮೇಲೆ. ಗೂಗಲ್ 2002ರಲ್ಲಿ ತನ್ನ ಹರಾಜು ತಂದಾಗ, ಜನ ಎಷ್ಟು ಕ್ಲಿಕ್ ಮಾಡುತ್ತಾರೆ ಅನ್ನುವುದನ್ನೂ ಬಿಡ್ ಜೊತೆ ಸೇರಿಸಿ ಜಾಗ ಕೊಡಲು ಶುರುಮಾಡಿತು. ಈಗಲೂ ಮೂಲ ಅದೇ. ಹಾಗಾಗಿ ಹೊಂದುವ ಜಾಹೀರಾತು ಕಡಿಮೆ ಬಿಡ್‌ಗೂ ಮೇಲೆ ಕೂರುತ್ತದೆ, ಹೊಂದದ್ದು ಅದೇ ಜಾಗಕ್ಕೆ ಜಾಸ್ತಿ ತೆರುತ್ತದೆ.

ನಿಮ್ಮ ವಿಷಯದಲ್ಲಿ ನನ್ನ ಊಹೆ: ರಿಪೇರಿ, ರಿಕವರಿ ಎರಡಕ್ಕೂ ಒಂದೇ ಜಾಹೀರಾತು, ಒಂದೇ ಪೇಜ್ ಇದೆ. ಹಾರ್ಡ್ ಡಿಸ್ಕ್ ಹೋದವನಿಗೆ ‘ಎಲ್ಲ ಬಗೆಯ ಲ್ಯಾಪ್‌ಟಾಪ್ ಸೇವೆ’ ಅನ್ನುವ ತಲೆಬರಹ ತಾಗುವುದಿಲ್ಲ. ‘ಡಿಸ್ಕ್ ಶಬ್ದ ಮಾಡುತ್ತಿದೆಯೇ? ಆಫ್ ಮಾಡಿ, ಕರೆ ಮಾಡಿ’ ಅಂದರೆ ತಾಗುತ್ತದೆ. ಆ ಸ್ಥಿತಿಯಲ್ಲಿ ಡಿಸ್ಕ್ ಓಡಿಸುತ್ತಲೇ ಇದ್ದರೆ ಹಾನಿ ಜಾಸ್ತಿ ಅನ್ನುವುದೂ ನಿಜವೇ ತಾನೇ. ಅವನು ಕ್ಲಿಕ್ ಮಾಡಿ ಬಂದ ಪೇಜ್‌ನಲ್ಲೂ ಮೊದಲು ಅದೇ ಮಾತು, ಅದರ ಕೆಳಗೇ ಒತ್ತಿದರೆ ಕರೆ ಹೋಗುವ ನಂಬರ್. ತಪಾಸಣೆಗೆ ಎಷ್ಟು, ಡೇಟಾ ಸಿಗದಿದ್ದರೆ ದುಡ್ಡು ಕೊಡಬೇಕಾ, ಎಷ್ಟು ದಿನ ಬೇಕು, ಇಷ್ಟಿರಲಿ. ಕಂಪನಿ ಹುಟ್ಟಿದ ಕತೆ ಕೆಳಗೆಲ್ಲಾದರೂ ಹಾಕಿ.

ರೆಸ್ಪಾನ್ಸಿವ್ ಜಾಹೀರಾತಿಗೆ (ನೀವು ಕೊಟ್ಟ ಸಾಲುಗಳನ್ನು ಗೂಗಲ್ ತಾನೇ ಜೋಡಿಸಿ ತೋರಿಸುವುದು) 15 ತಲೆಬರಹದವರೆಗೆ ಕೊಡಬಹುದು, ಒಂದೊಂದು 30 ಅಕ್ಷರದೊಳಗೆ. ಒಂದು ಸಲಕ್ಕೆ ಹೆಚ್ಚೆಂದರೆ ಮೂರು ಕಾಣುತ್ತವೆ. ಯಾವ ಮೂರು ಸೇರಿದರೂ ಅರ್ಥ ಬರುವ ಹಾಗೆ ಬರೆಯಿರಿ. ಹದಿನೈದನ್ನೂ ತುಂಬಿಸಲೇಬೇಕು ಅಂತ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಬರೆದರೆ ‘ಬೆಸ್ಟ್ ಸರ್ವಿಸ್, ಉತ್ತಮ ಸೇವೆ, ಒಳ್ಳೆಯ ಸರ್ವಿಸ್’ ಅಂತ ಒಟ್ಟಿಗೆ ಬಂದು ನಗೆಪಾಟಲಾಗುತ್ತದೆ.

ಕೇಳಿದವರು:

ಪೇಜ್ ನಿಜವಾಗಿಯೂ ಒಂದೇ ಇದೆ, ಬೇರೆ ಮಾಡಿಸುತ್ತೇನೆ. ಕೊನೆಯದಾಗಿ, ಪೈಪೋಟಿಯವರೇ ಸುಮ್ನೆ ಕ್ಲಿಕ್ ಮಾಡಿ ದುಡ್ಡು ಖಾಲಿ ಮಾಡಿಸುತ್ತಿದ್ದಾರೆ ಅಂತ ನಮ್ಮ ಹುಡುಗರಿಗೆ ಅನುಮಾನ.

ಸ್ವಂತ ವ್ಯಾಪಾರದವರು:

ಆಗುವುದೇ ಇಲ್ಲ ಅಂತ ಹೇಳಲಾರೆ. ‘ಇನ್‌ವ್ಯಾಲಿಡ್ ಕ್ಲಿಕ್ಸ್’ ಅನ್ನುವ ಕಾಲಂ ಸೇರಿಸಿ ನೋಡಿ, ಗೂಗಲ್ ತಾನೇ ಹಿಡಿದು ಲೆಕ್ಕದಿಂದ ಬಿಟ್ಟದ್ದು ಅಲ್ಲಿ ಕಾಣುತ್ತದೆ. ತಡವಾಗಿ ಸಿಕ್ಕಿಬಿದ್ದರೆ ಬಿಲ್‌ನಲ್ಲಿ ಕ್ರೆಡಿಟ್ ಕೊಡುತ್ತಾರೆ. ಒಂದೇ ಐಪಿಯಿಂದ (ಇಂಟರ್ನೆಟ್ ಸಂಪರ್ಕದ ವಿಳಾಸ) ಕ್ಲಿಕ್ ಬರುತ್ತಿದೆ ಅಂತ ನಿಮ್ಮ ವೆಬ್‌ಸೈಟ್‌ನ ಲಾಗ್‌ನಲ್ಲಿ ಕಂಡರೆ ಅದನ್ನು ಕ್ಯಾಂಪೇನ್ ಸೆಟ್ಟಿಂಗ್ಸ್‌ನಲ್ಲಿ ಹೊರಗಿಡಬಹುದು. ಆದರೆ ನೀವೇ ಹೇಳಿದಿರಲ್ಲ, ಖರ್ಚಿನ ದೊಡ್ಡ ಪಾಲು ಸಾಫ್ಟ್‌ವೇರ್ ಹುಡುಕುವವರದು ಅಂತ. ಅವರು ಯಾರ ಶತ್ರುಗಳೂ ಅಲ್ಲ. ಮೊದಲು ಆ ಬಾಗಿಲು ಮುಚ್ಚಿ ಒಂದೆರಡು ವಾರ ಓಡಲಿ, ಆಮೇಲೂ ಕರೆ ಬರದಿದ್ದರೆ ಪೈಪೋಟಿಯವರ ಮೇಲೆ ಅನುಮಾನ ಪಡೋಣ. ಹಾಂ, ನಿಮ್ಮ ಹುಡುಗರು ಜಾಹೀರಾತು ಬರುತ್ತಿದೆಯಾ ಅಂತ ತಾವೇ ಗೂಗಲ್‌ನಲ್ಲಿ ಹುಡುಕಿ ನೋಡುತ್ತಿದ್ದರೆ ನಿಲ್ಲಿಸಿ. ಅದಕ್ಕೆ ಅಕೌಂಟ್‌ನೊಳಗೇ ಆಡ್ ಪ್ರಿವ್ಯೂ ಟೂಲ್ ಇದೆ.