ಲೆಪ್ಟೋನಿಕಾ ಇದ್ದರೂ ‘ಇಲ್ಲ’ ಎನ್ನುತ್ತಿದೆ: ಟೆಸೆರಾಕ್ಟ್ 5 ಕಂಪೈಲ್ ಮಾಡುವಾಗಿನ ತೊಡಕು

ಪ್ರಶ್ನೆ – ಪೆರ್ಲದ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದಲ್ಲಿರುವ ಹಳೆಯ ಶಾಲಾ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಹೆಸರು ಕೊಟ್ಟರೆ ಪುಟ ಸಿಗುವಂತೆ ಪಠ್ಯವಾಗಿಸುವ ಕೆಲಸವನ್ನು ಕೈಗೆತ್ತಿಕೊಂಡಿದ್ದೇನೆ. ಕಂಪ್ಯೂಟರಿನಲ್ಲಿರುವುದು ಉಬುಂಟು 22.04. ಅದರ ಜೊತೆಗೆ ಬರುವ ಟೆಸೆರಾಕ್ಟ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) 4.1.1 ಆವೃತ್ತಿಯದು, ನಾನು ಬಳಸಬೇಕೆಂದಿರುವ ಸ್ಕ್ರಿಪ್ಟ್ 5ನೇ ಆವೃತ್ತಿಯನ್ನೇ ಕೇಳುವುದರಿಂದ ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡು ಕಂಪೈಲ್ ಮಾಡಲು, ಅಂದರೆ ಅದನ್ನು ಓಡುವ ಪ್ರೋಗ್ರಾಮಾಗಿಸಲು, ಹೊರಟೆ.

ಬೇಕಾದುದೆಲ್ಲ ಇದೆಯೇ ಎಂದು ಪರೀಕ್ಷಿಸುವ ‘ಕಾನ್ಫಿಗರ್’ ಹಂತದಲ್ಲಿಯೇ ಕೆಲಸ ನಿಂತಿತು. ಚಿತ್ರ ಓದಲು ಟೆಸೆರಾಕ್ಟ್ ಬಳಸುವ ಲೈಬ್ರರಿಯಾದ (ಸಿದ್ಧ ಕೋಡಿನ ಸಂಗ್ರಹ) ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಮೇಲಿನದು ಬೇಕು ಎಂಬ ದೋಷ ಬರುತ್ತದೆ. ಆದರೆ ಪ್ಯಾಕೇಜುಗಳ ಪಟ್ಟಿಯಲ್ಲಿ ನೋಡಿದರೆ ಲೆಪ್ಟೋನಿಕಾದ ಪ್ಯಾಕೇಜಾದ ‘ಲಿಬ್‌ಲೆಪ್ಟ್5’ ಈಗಾಗಲೇ ಇದೆ, ಅದರ ಆವೃತ್ತಿ 1.82! ಆಮೇಲೆ ಲೆಪ್ಟೋನಿಕಾದ ಸೋರ್ಸನ್ನೂ ತಂದು ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡಿದೆ. ಆಗ ಟೆಸೆರಾಕ್ಟ್ ಯಾವ ತಕರಾರೂ ಇಲ್ಲದೆ ಸಿದ್ಧವಾಯಿತು, ಆದರೆ ಸ್ಕ್ಯಾನ್ ಮಾಡಿದ ಪಿಎನ್‌ಜಿ ಚಿತ್ರ ಕೊಟ್ಟರೆ ಅದನ್ನು ಓದುವ ಫಂಕ್ಷನ್ ಇಲ್ಲವೆಂದು ಹೇಳಿ ನಿಲ್ಲುತ್ತದೆ. ಇದ್ದುದನ್ನು ಮೊದಲು ಇಲ್ಲವೆಂದದ್ದೇಕೆ, ಈಗ ಚಿತ್ರ ಓದಲು ಬಾರದಿರುವುದೇಕೆ ಎಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ – ಮಂಜೇಶ್ವರ ಲಿನಕ್ಸ್

ಪೆರ್ಲದವರೇ, ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಒಂದು ಲೈಬ್ರರಿಯನ್ನು ಸಾಮಾನ್ಯವಾಗಿ ಎರಡು ಪ್ಯಾಕೇಜುಗಳಾಗಿ ಒಡೆದು ಇಟ್ಟಿರುತ್ತಾರೆ. ‘ಲಿಬ್‌ಲೆಪ್ಟ್5’ ಎಂಬುದು ಸಿದ್ಧವಾದ ಪ್ರೋಗ್ರಾಮು ಓಡಲು ಬೇಕಾದಷ್ಟನ್ನು ಮಾತ್ರ ಹೊಂದಿದೆ. ಹೊಸದಾಗಿ ಕಂಪೈಲ್ ಮಾಡುವವರಿಗೆ ಬೇಕಾದ ಹೆಡರ್ ಫೈಲುಗಳು (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರಿಗೆ ತಿಳಿಸುವವು), ಲೈಬ್ರರಿಯನ್ನು ಪ್ರೋಗ್ರಾಮಿಗೆ ಜೋಡಿಸುವ ಲಿಂಕರ್ ಹುಡುಕುವ ಆವೃತ್ತಿಸಂಖ್ಯೆಯಿಲ್ಲದ ಕೊಂಡಿ, ಲೈಬ್ರರಿ ಎಲ್ಲಿದೆ ಎಂದು ತಿಳಿಸುವ ಪಿಕೆಜಿ-ಕಾನ್ಫಿಗ್ ಎಂಬ ಸಾಧನ ಓದುವ ‘ಲೆಪ್ಟ್ ಡಾಟ್ ಪಿಸಿ’ ಎಂಬ ಸಣ್ಣ ಫೈಲು, ಇವೆಲ್ಲ ‘ಲಿಬ್‌ಲೆಪ್ಟೋನಿಕಾ-ಡೆವ್’ ಪ್ಯಾಕೇಜಿನಲ್ಲಿರುತ್ತವೆ. ಕಾನ್ಫಿಗರ್ ಸ್ಕ್ರಿಪ್ಟ್ ಪ್ಯಾಕೇಜುಗಳ ಪಟ್ಟಿಯನ್ನು ನೋಡುವುದಿಲ್ಲ. ಪಿಕೆಜಿ-ಕಾನ್ಫಿಗನ್ನು ಕೇಳುತ್ತದೆ, ಅದು ಆ ಪಿಸಿ ಫೈಲನ್ನು ಹುಡುಕುತ್ತದೆ, ಸಿಗದಿದ್ದರೆ ಲೈಬ್ರರಿಯೇ ಇಲ್ಲವೆಂದು ಹೇಳಿಬಿಡುತ್ತದೆ. ಯಾವುದೇ ಸೋರ್ಸ್ ಕಂಪೈಲ್ ಮಾಡುವಾಗ ‘ಇಲ್ಲ’ ಎಂಬ ಮಾತು ಬಂದರೆ ಮೊದಲು ಅದೇ ಹೆಸರಿನ ಡೆವ್ ಪ್ಯಾಕೇಜಿದೆಯೇ ಎಂದು ನೋಡುವುದು ಒಳ್ಳೆಯದು. ದೋಷದ ನಿಜವಾದ ಕಾರಣ ಪರದೆಯ ಕೊನೆಯ ಸಾಲಿನಲ್ಲಿ ಇರುವುದಕ್ಕಿಂತ ‘ಕಾನ್ಫಿಗ್ ಡಾಟ್ ಲಾಗ್’ ಫೈಲಿನಲ್ಲಿ ವಿವರವಾಗಿ ಸಿಗುತ್ತದೆ, ಆದರೆ ಅದನ್ನು ತೆರೆದು ನೋಡುವವರು ಕಡಿಮೆ.

ಎರಡನೆಯದು ಇನ್ನೂ ಸೂಕ್ಷ್ಮ. ಪಿಎನ್‌ಜಿ, ಜೆಪೆಗ್, ಟಿಫ್ ಮೊದಲಾದವುಗಳನ್ನು ಓದಲು ಲೆಪ್ಟೋನಿಕಾ ಬೇರೆ ಲೈಬ್ರರಿಗಳನ್ನು ಅವಲಂಬಿಸಿದೆ. ಅವುಗಳ ಡೆವ್ ಪ್ಯಾಕೇಜುಗಳು ಇಲ್ಲದಿದ್ದರೂ ಲೆಪ್ಟೋನಿಕಾದ ಕಾನ್ಫಿಗರ್ ದೋಷವೆಂದು ನಿಲ್ಲುವುದಿಲ್ಲ. ‘ನೋ’ ಎಂದು ಒಂದು ಸಾಲು ಬರೆದು, ಆ ಭಾಗವನ್ನು ಕೈಬಿಟ್ಟು ಮುಂದುವರಿಯುತ್ತದೆ. ಅಡಿಪಾಯದ ಬಿರುಕು ಮನೆ ಕಟ್ಟಿ ಮುಗಿದ ಮೇಲೆ ಕಾಣಿಸಿದಂತೆ ನಿಮಗೆ ಆ ಕೊರತೆ ಕಾಣಿಸಿದ್ದು ಟೆಸೆರಾಕ್ಟ್ ಚಿತ್ರ ಓದಲು ಹೊರಟಾಗ. ‘ಟೆಸೆರಾಕ್ಟ್’ ಹೆಸರಿನ ಮುಂದೆ ‘ವರ್ಷನ್’ ಆಯ್ಕೆ ಕೊಟ್ಟು ನೋಡಿ. ಲೆಪ್ಟೋನಿಕಾದ ಆವೃತ್ತಿಯ ಕೆಳಗೆ ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಮುಂತಾದ ಹೆಸರುಗಳು ಬರಬೇಕು. ನಿಮ್ಮಲ್ಲಿ ಲಿಬ್‌ಪಿಎನ್‌ಜಿ ಕಾಣಿಸಲಿಕ್ಕಿಲ್ಲ.

ನನ್ನ ಸಲಹೆ ಇಷ್ಟೆ: ಉಬುಂಟುವಿನ 1.82 ಸಾಕಾಗುವಾಗ ಲೆಪ್ಟೋನಿಕಾವನ್ನು ಸ್ವತಃ ಕಟ್ಟುವ ಅಗತ್ಯವಿಲ್ಲ. ಡೆವ್ ಪ್ಯಾಕೇಜನ್ನು ಹಾಕಿಕೊಂಡು ಟೆಸೆರಾಕ್ಟನ್ನು ಮತ್ತೆ ಕಂಪೈಲ್ ಮಾಡಿ.

ಉತ್ತರ – ಕುಂಬಳೆಯಿಂದ

ಮಂಜೇಶ್ವರದವರು ಹೇಳಿದ್ದು ಸರಿ, ಆದರೆ ಡೆವ್ ಪ್ಯಾಕೇಜು ಹಾಕಿದ ಮಾತ್ರಕ್ಕೆ ಪೆರ್ಲದವರ ತೊಂದರೆ ಹೋಗದು. ಅವರು ಕಟ್ಟಿದ ಲೆಪ್ಟೋನಿಕಾ ‘ಯುಎಸ್‌ಆರ್ ಲೋಕಲ್’ (ಸ್ವತಃ ಕಟ್ಟಿದವು ಸೇರುವ ಫೋಲ್ಡರು) ಕೆಳಗೆ ಕುಳಿತಿರುತ್ತದೆ, ಉಬುಂಟುವಿನ ಪಿಕೆಜಿ-ಕಾನ್ಫಿಗ್ ಹುಡುಕುವುದು ಮೊದಲು ಅಲ್ಲಿಯೇ. ಹೀಗಾಗಿ ಎರಡು ಪ್ರತಿಗಳಿದ್ದರೆ ಅರೆಬರೆಯಾದ ಪ್ರತಿಯೇ ಮತ್ತೆ ಆಯ್ಕೆಯಾಗುತ್ತದೆ. ಲೆಪ್ಟೋನಿಕಾದ ಸೋರ್ಸ್ ಫೋಲ್ಡರನ್ನು ಅಳಿಸಿಲ್ಲವಾದರೆ ಅದರೊಳಗೆ ಹೋಗಿ ‘ಸುಡೋ ಮೇಕ್ ಅನ್‌ಇನ್‌ಸ್ಟಾಲ್’ ಕೊಟ್ಟು, ನಂತರ ‘ಸುಡೋ ಎಲ್‌ಡಿಕಾನ್ಫಿಗ್’ ಓಡಿಸಿ (ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸಲು). ಆಮೇಲೆ ಟೆಸೆರಾಕ್ಟ್ ಫೋಲ್ಡರಿನಲ್ಲಿ ‘ಮೇಕ್ ಡಿಸ್ಟ್‌ಕ್ಲೀನ್’ ಮಾಡಿ (ಹಿಂದಿನ ಕಂಪೈಲಿನ ಉಳಿಕೆ ಅಳಿಸಲು), ಕಾನ್ಫಿಗರಿನಿಂದ ಪುನಃ ಆರಂಭಿಸಿ. ಮುಗಿದ ಮೇಲೆ ‘ಎಲ್‌ಡಿಡಿ’ ಆಜ್ಞೆಯಿಂದ ಟೆಸೆರಾಕ್ಟ್ ಯಾವ ಲೆಪ್ಟೋನಿಕಾವನ್ನು ಹಿಡಿದುಕೊಂಡಿದೆ ಎಂದು ಖಚಿತಪಡಿಸಿಕೊಳ್ಳಬಹುದು. ಅಲ್ಲಿ ಯಾವುದಾದರೂ ಹೆಸರಿನ ಮುಂದೆ ‘ನಾಟ್ ಫೌಂಡ್’ ಎಂದಿದ್ದರೆ ಅದು ಕಂಪೈಲಿನ ದೋಷವಲ್ಲ. ಲೈಬ್ರರಿ ಇರುವ ಜಾಗ ಲೋಡರಿಗೆ (ಪ್ರೋಗ್ರಾಮು ಓಡುವಾಗ ಲೈಬ್ರರಿಗಳನ್ನು ತಂದುಕೊಡುವ ಭಾಗ) ಗೊತ್ತಿಲ್ಲ ಎಂದರ್ಥ, ಎಲ್‌ಡಿಕಾನ್ಫಿಗ್ ಓಡಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಪ್ಯಾಂಗೊ, ಕೈರೊ, ಐಸಿಯು ಎಂಬ ಲೈಬ್ರರಿಗಳು ಇಲ್ಲವೆಂಬ ಎಚ್ಚರಿಕೆಗಳೂ ಬರಬಹುದು. ಅವು ಬೇಕಾಗುವುದು ಟೆಸೆರಾಕ್ಟಿಗೆ ಅಕ್ಷರ ಕಲಿಸುವ ತರಬೇತಿಯ ಉಪಕರಣಗಳಿಗೆ ಮಾತ್ರ, ಪಠ್ಯ ಗುರುತಿಸುವುದಕ್ಕಲ್ಲ.

ಒಂದು ಮಾತು ಕೇಳಲೇಬೇಕು: ಸ್ಕ್ರಿಪ್ಟಿನ ಒತ್ತಾಯವಿಲ್ಲದಿದ್ದರೆ 5ಕ್ಕೆ ಹೋಗುವ ಅಗತ್ಯವಿತ್ತೇ? ಕನ್ನಡದ ತರಬೇತಿ ಫೈಲು 4 ಮತ್ತು 5 ಎರಡಕ್ಕೂ ಅದೇ. ಅಕ್ಷರ ತಪ್ಪುವುದು ಬಹುಪಾಲು ಮಸುಕಾದ ಸ್ಕ್ಯಾನಿನಿಂದ. ಹಳೆಯ ಅಚ್ಚುಮೊಳೆಯ ಪುಟಗಳನ್ನು 300 ಡಿಪಿಐಗಿಂತ (ಇಂಚಿಗೆ ಚುಕ್ಕೆಗಳ ಸಂಖ್ಯೆ) ಕಡಿಮೆಯಲ್ಲಿ ಸ್ಕ್ಯಾನ್ ಮಾಡಿದರೆ ಒತ್ತಕ್ಷರಗಳನ್ನು ಯಾವ ಆವೃತ್ತಿಯೂ ಸರಿಯಾಗಿ ಓದದು.

ಪ್ರತಿಕ್ರಿಯೆ – ಪೆರ್ಲದ ಓದುಗ

ಇಬ್ಬರಿಗೂ ಧನ್ಯವಾದಗಳು. ಹಳೆಯ ಪ್ರತಿಯನ್ನು ತೆಗೆದು ಡೆವ್ ಪ್ಯಾಕೇಜು ಹಾಕಿದ ಮೇಲೆ ಟೆಸೆರಾಕ್ಟ್ ಸಿದ್ಧವಾಗಿ, ಆವೃತ್ತಿಯ ಸಾಲಿನಲ್ಲಿ ಲಿಬ್‌ಪಿಎನ್‌ಜಿಯೂ ಕಾಣಿಸುತ್ತಿದೆ. ಚಿತ್ರ ತೆರೆಯುತ್ತದೆ. ಆದರೆ ಕನ್ನಡದ ಡೇಟಾ ಫೈಲು (ತರಬೇತಿ ಫೈಲು) ತೆರೆಯಲಾಗುತ್ತಿಲ್ಲ ಎನ್ನುತ್ತದೆ, ಅದರ ಪ್ಯಾಕೇಜನ್ನು ಉಬುಂಟುವಿನ ಪ್ಯಾಕೇಜು ಹಾಕುವ ಸಾಧನವಾದ ಆಪ್ಟ್ ಮೂಲಕ ಹಾಕಿಯಾಗಿದೆ. ಇನ್ನೊಂದು ಸಂಗತಿಯೆಂದರೆ, ನಮ್ಮ ಸಂಚಿಕೆಗಳಲ್ಲಿ ಕನ್ನಡ ಲೇಖನಗಳ ನಡುವೆ ಮಲಯಾಳದ ಶುಭಾಶಯ ಪುಟಗಳೂ ಇವೆ.

ಉತ್ತರ – ಮಂಜೇಶ್ವರ ಲಿನಕ್ಸ್

ಆಪ್ಟ್ ತನ್ನ ಡೇಟಾ ಫೈಲನ್ನು ‘ಯುಎಸ್‌ಆರ್ ಶೇರ್’ ಕೆಳಗೆ ಇಡುತ್ತದೆ. ನೀವು ಕಟ್ಟಿದ ಟೆಸೆರಾಕ್ಟ್ ‘ಯುಎಸ್‌ಆರ್ ಲೋಕಲ್ ಶೇರ್’ ಕೆಳಗಿನ ‘ಟೆಸ್‌ಡೇಟಾ’ದಲ್ಲಿ ಹುಡುಕುತ್ತದೆ. ಫೈಲನ್ನು ಅಲ್ಲಿಗೆ ನಕಲು ಮಾಡಿ, ಇಲ್ಲವೇ ‘ಟೆಸ್‌ಡೇಟಾ ಪ್ರಿಫಿಕ್ಸ್’ ಎಂಬ ಪರಿಸರ ಚರಕ್ಕೆ ಇರುವ ದಾರಿಯನ್ನು ಕೊಡಿ. ಮಲಯಾಳದ ಫೈಲಿಗೂ ಇದೇ ಕ್ರಮ. ಎರಡು ಭಾಷೆಗಳನ್ನು ಪ್ಲಸ್ ಚಿಹ್ನೆಯಿಂದ ಜೋಡಿಸಿ ಒಟ್ಟಿಗೆ ಕೊಡಬಹುದಾದರೂ ವೇಗ ಕುಗ್ಗುತ್ತದೆ. ಪುಟಗಳು ಭಾಷೆಯ ಪ್ರಕಾರ ಬೇರೆ ಬೇರೆಯಾಗಿದ್ದರೆ ಎರಡು ಫೋಲ್ಡರುಗಳಾಗಿ ವಿಂಗಡಿಸಿ ಪ್ರತ್ಯೇಕವಾಗಿ ಓಡಿಸಿ. ಒಂದೇ ಪುಟದಲ್ಲಿ ಎರಡೂ ಲಿಪಿಗಳಿರುವ ಕಡೆ ಮಾತ್ರ ಜೋಡಿಸಿ, ಆ ಪುಟದಲ್ಲಿ ಹೆಚ್ಚಿರುವ ಭಾಷೆಯನ್ನು ಮೊದಲು ಬರೆಯಿರಿ.